ಬೋಳುಗುಡ್ಡಕ್ಕೆ ಬೀಜದುಂಡೆ ಬೇಡ: ಕುರಿಂಜಿ ಬಗ್ಗೆ ಕೇಳಿದವರಿಗೆ

ಪ್ರಶ್ನೆ: 2022ರಲ್ಲಿ ನಾವು ಆರು ಜನ ಗೆಳೆಯರು ಮುಳ್ಳಯ್ಯನಗಿರಿ ಕಡೆ ಹೋಗಿ ಕುರಿಂಜಿ ನೋಡಿ ಬಂದೆವು. ಕಣ್ಣು ಹಾಯಿಸಿದಷ್ಟು ದೂರ ನೀಲಿ. ಇಷ್ಟೊಂದು ಇರುವ ಹೂವನ್ನು ಅಪರೂಪ, ಅಪಾಯದಲ್ಲಿದೆ ಅಂತ ಯಾಕೆ ಹೇಳ್ತಾರೆ? ಇನ್ನೊಂದು ವಿಷಯ. ಬರುವ ಮಳೆಗಾಲಕ್ಕೆ ಆ ಬೋಳುಗುಡ್ಡಗಳ ಮೇಲೆ ಬೀಜದುಂಡೆ ಎಸೆಯೋಣ ಅಂತಿದ್ದೇವೆ. ಹೊಂಗೆ, ನೇರಳೆ, ಹಲಸಿನ ಜೊತೆ ಕುರಿಂಜಿ ಬೀಜವನ್ನೂ ಸೇರಿಸಬಹುದಾ? ನಮ್ಮಲ್ಲೊಬ್ಬನ ಹತ್ತಿರ ಬೆಂಕಿಪೊಟ್ಟಣದಲ್ಲಿ ಸ್ವಲ್ಪ ಬೀಜ ಇದೆ.

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ದಯವಿಟ್ಟು ಎಸೆಯಬೇಡಿ. ಕುರಿಂಜಿ ಬೀಜ ಸೇರಿಸಿದರೂ ಬೇಡ, ಸೇರಿಸದಿದ್ದರೂ ಬೇಡ. ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು, ಭಾನುವಾರ ಮಣ್ಣು ಕಲಸಿ ಉಂಡೆ ಕಟ್ಟುವ ಹುಡುಗರನ್ನು ಕಂಡರೆ ನನಗೂ ಖುಷಿಯೇ ಆಗುತ್ತದೆ. ಆದರೆ ಆ ಗುಡ್ಡ ಬೋಳು ಅಲ್ಲ. ಅದು ಹುಲ್ಲುಗಾವಲು. ಕುರಿಂಜಿಗೆ ಇರುವ ಮನೆ ಅದೊಂದೇ. ಅಲ್ಲಿ ಮರ ಎದ್ದರೆ ಕುರಿಂಜಿ ಹೋಗುತ್ತದೆ.

ಈಗ ಮೊದಲನೇ ಪ್ರಶ್ನೆಗೆ ಬರೋಣ. ಇಡೀ ಗುಡ್ಡ ತುಂಬ ಇರುವುದು ಅಪರೂಪ ಹೇಗೆ?

ನೀಲಕುರಿಂಜಿ ಬೆಳೆಯುವುದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಎತ್ತರದ ಗುಡ್ಡಗಳಲ್ಲಿ, ಸುಮಾರು 1,300ರಿಂದ 2,400 ಮೀಟರ್ ಎತ್ತರದ ನಡುವೆ. ನೀಲಗಿರಿ, ಪಳನಿ ಬೆಟ್ಟ, ಮುನ್ನಾರ್ ಸುತ್ತಿನ ಆನೆಮಲೆ ಭಾಗ, ನಮ್ಮ ಕಡೆ ಒಂದಷ್ಟು ಗಿರಿಸಾಲು. ಭೂಪಟದ ಮೇಲೆ ಈ ಎತ್ತರದ ಜಾಗಗಳಿಗೆ ಮಾತ್ರ ಬಣ್ಣ ಹಚ್ಚಿ ನೋಡಿ. ದೊಡ್ಡ ಪಟ್ಟೆ ಸಿಗುವುದಿಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕೆ ಸಿಗುತ್ತದೆ. ಕಡಲಲ್ಲಿ ದ್ವೀಪಗಳು ಇರುವ ಹಾಗೆ. ಒಂದು ದ್ವೀಪದ ಗಿಡ ಇನ್ನೊಂದು ದ್ವೀಪಕ್ಕೆ ಹೋಗಲಾರದು, ಯಾಕೆಂದರೆ ನಡುವೆ ಬಿಸಿ ಕಣಿವೆ, ಕಾಫಿ ತೋಟ, ಊರು. ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಎತ್ತರ, ಆದರೂ 1,930 ಮೀಟರ್ ಅಷ್ಟೇ. ಅಂದರೆ ನಮ್ಮ ರಾಜ್ಯದಲ್ಲಿ ಈ ಗಿಡಕ್ಕೆ ಸಿಗುವುದು ಗುಡ್ಡಗಳ ನೆತ್ತಿ ಮಾತ್ರ. ಕೆಳಗಿನ ಹವೆ ಬಿಸಿಯಾಗುತ್ತಾ ಬಂದರೆ ಇನ್ನೂ ಮೇಲಕ್ಕೆ ಹತ್ತೋಣ ಅಂದರೆ ಮೇಲೆ ಜಾಗವೇ ಇಲ್ಲ.

ನೀವು ನೋಡಿದ ಗುಡ್ಡದಲ್ಲಿ ಲಕ್ಷಗಟ್ಟಲೆ ಗಿಡ ಇದ್ದಿರಬಹುದು. ಆದರೆ ಅಂಥ ಗುಡ್ಡಗಳು ಎಷ್ಟಿವೆ ಅನ್ನುವುದು ಪ್ರಶ್ನೆ. 2024ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪುಪಟ್ಟಿಯಲ್ಲಿ, ಅಂದರೆ ಅಳಿವಿನ ಅಪಾಯ ಅಳೆಯುವ ಪಟ್ಟಿಯಲ್ಲಿ, ನೀಲಕುರಿಂಜಿಯನ್ನು ಮೊದಲ ಸಲ ಅಳೆದು ಅಪಾಯಕ್ಕೆ ಒಳಗಾಗಬಲ್ಲ ಸಸ್ಯಗಳ ಸಾಲಿಗೆ ಸೇರಿಸಿದರು. ಇರುವ ಗಿಡಗಳನ್ನು ಎಣಿಸಿ ಕಡಿಮೆ ಅಂತ ಹೇಳಿದ್ದಲ್ಲ, ಅದರ ನೆಲ ಕರಗುತ್ತಿರುವುದನ್ನು ನೋಡಿ ಹೇಳಿದ್ದು.

ಇನ್ನೊಂದು ಅಪರೂಪ ಕಾಲದ್ದು. ಹನ್ನೆರಡು ವರ್ಷಕ್ಕೊಮ್ಮೆ ಅನ್ನುವುದು ನಿಮಗೆ ಗೊತ್ತು. ಆದರೆ ಅದರ ಅರ್ಥ ಏನು ಅಂತ ಸ್ವಲ್ಪ ನಿಂತು ಯೋಚಿಸಿ. ಮಾವಿನಮರದ ಹಾಗೆ ವರ್ಷ ಬಿಟ್ಟು ವರ್ಷ ಕಾಯುವ ಗಿಡ ಅಲ್ಲ ಇದು. ಒಂದು ಗಿಡ ತನ್ನ ಇಡೀ ಆಯುಸ್ಸಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಒಣಗಿ ಸಾಯುತ್ತದೆ. ಬಿದಿರಿನ ಹಾಗೆ. 2022ರಲ್ಲಿ ನೀವು ಫೋಟೋ ತೆಗೆದ ಗಿಡಗಳಲ್ಲಿ ಒಂದೂ ಈಗ ಬದುಕಿಲ್ಲ. ಈಗ ಅಲ್ಲಿ ಇರುವುದು ಅವುಗಳ ಮಕ್ಕಳು.

ಮುನ್ನಾರ್ ಮತ್ತು ಪಳನಿ ಕಡೆಯ ಹೂವಿನ ಲೆಕ್ಕ 1838ರಿಂದ ದಾಖಲಾಗಿದೆ. ನಮ್ಮ ನೆನಪಿನಲ್ಲಿರುವುದು 1982, 1994, 2006, 2018. ಪಳನಿ ಬೆಟ್ಟದ ಪಳಿಯರು ಅನ್ನುವ ಬುಡಕಟ್ಟಿನವರು ವಯಸ್ಸನ್ನೇ ಕುರಿಂಜಿ ಹೂವಿನಲ್ಲಿ ಎಣಿಸುತ್ತಿದ್ದರು. ನಾಲ್ಕು ಹೂವು ಕಂಡವರು ಅಂದರೆ ಐವತ್ತರ ಹತ್ತಿರದವರು.

ಇಲ್ಲಿ ನಿಮಗೊಂದು ಅನುಮಾನ ಬರಬಹುದು. ಮುನ್ನಾರಿನಲ್ಲಿ 2018, ಕೊಡಗಿನ ಮಾಂದಲಪಟ್ಟಿಯಲ್ಲಿ 2021, ಚಿಕ್ಕಮಗಳೂರಿನಲ್ಲಿ 2022. ಹನ್ನೆರಡು ವರ್ಷದ ಲೆಕ್ಕ ಎಲ್ಲಿ ಹೋಯಿತು? ಲೆಕ್ಕ ಸರಿಯಾಗೇ ಇದೆ. ಒಂದೊಂದು ಗುಡ್ಡದ ಗಿಡಗಳಿಗೆ ಒಂದೊಂದು ಪಂಚಾಂಗ. ಜೊತೆಗೆ ನಾವು ಕುರಿಂಜಿ ಅಂತ ಒಂದೇ ಹೆಸರಲ್ಲಿ ಕರೆಯುವುದು ಒಂದೇ ಗಿಡವನ್ನಲ್ಲ. ಸ್ಟ್ರೊಬಿಲಾಂಥಿಸ್ ಅನ್ನುವ ಈ ಕುಲದಲ್ಲಿ ನೂರಾರು ಬಗೆಗಳಿವೆ. ಕೆಲವು ಪ್ರತಿವರ್ಷ ಹೂ ಬಿಡುತ್ತವೆ. ಸಹ್ಯಾದ್ರಿಯ ಉತ್ತರ ಭಾಗದ ಕಾರ್ವಿ ಏಳೆಂಟು ವರ್ಷಕ್ಕೊಮ್ಮೆ. ನೀಲಕುರಿಂಜಿ ಹನ್ನೆರಡಕ್ಕೆ. ನಿಮ್ಮ ಗಿರಿಯ ಲೆಕ್ಕ ಹೀಗೇ ನಡೆದರೆ ಮುಂದಿನದು 2034.

ಎಲ್ಲವೂ ಒಟ್ಟಿಗೆ ಅರಳುವುದು ಯಾಕೆ ಅನ್ನುವುದಕ್ಕೆ ಸಸ್ಯಶಾಸ್ತ್ರದಲ್ಲಿ ಒಪ್ಪುವಂಥ ವಿವರಣೆ ಇದೆ. ಬೀಜ ತಿನ್ನುವ ಹುಳ, ಇಲಿ, ಹಕ್ಕಿ ಪ್ರತಿವರ್ಷ ಇರುತ್ತವೆ. ದಿನಾ ಸ್ವಲ್ಪ ಸ್ವಲ್ಪ ಊಟ ಹಾಕಿದರೆ ಅವು ಅದಕ್ಕೇ ಹೊಂದಿಕೊಂಡು, ಸಂಖ್ಯೆ ಹೆಚ್ಚಿಸಿಕೊಂಡು, ಒಂದನ್ನೂ ಬಿಡದೆ ತಿನ್ನುತ್ತವೆ. ಹನ್ನೊಂದು ವರ್ಷ ಉಪವಾಸ ಹಾಕಿ ಹನ್ನೆರಡನೇ ವರ್ಷ ಒಮ್ಮೆಗೇ ಗುಡ್ಡದ ತುಂಬ ಬಡಿಸಿದರೆ ಎಷ್ಟು ತಿಂದರೂ ಮಿಗುತ್ತದೆ. ಆ ಮಿಕ್ಕಿದ್ದೇ ಮುಂದಿನ ತಲೆಮಾರು. ಜೇನಿನ ಮಾತೂ ಹಾಗೆಯೇ. ಅಷ್ಟೊಂದು ಹೂವು ಒಂದೇ ಕಡೆ ಇದ್ದರೆ ತುಡುವೆ ಜೇನು ಬೇರೆ ಹೂವಿನ ಕಡೆ ತಿರುಗಿ ನೋಡುವುದಿಲ್ಲ. ನೀವು ಹೋದಾಗ ಕ್ಯಾಮೆರಾ ಕೆಳಗಿಟ್ಟು ಕಣ್ಣು ಮುಚ್ಚಿ ನಿಂತಿದ್ದರೆ ಗುಡ್ಡವೇ ಗುಂಯ್ ಅನ್ನುವುದು ಕೇಳಿರುತ್ತಿತ್ತು.

ಅಂದರೆ ಈ ಗಿಡದ ಉಪಾಯ ಕೆಲಸ ಮಾಡುವುದು ರಾಶಿ ಇದ್ದಾಗ ಮಾತ್ರ. ಹತ್ತು ಗಿಡ ಹನ್ನೆರಡು ವರ್ಷಕ್ಕೊಮ್ಮೆ ಅರಳಿದರೆ ಪ್ರಯೋಜನ ಇಲ್ಲ. ಜೇನು ಬರುವುದಿಲ್ಲ, ಬಂದ ಬೀಜವೂ ಉಳಿಯುವುದಿಲ್ಲ. ಲಕ್ಷ ಗಿಡ ಇರುವುದು ಕುರಿಂಜಿಗೆ ಸಿರಿವಂತಿಕೆ ಅಲ್ಲ, ಬದುಕಲು ಅಷ್ಟು ಬೇಕೇ ಬೇಕು. ಗುಡ್ಡದ ಮುಕ್ಕಾಲು ಪಾಲು ಹೋಗಿ ಕಾಲು ಭಾಗ ಉಳಿದರೆ ನಾವು ಕಾಲು ಭಾಗ ಉಳಿಯಿತಲ್ಲ ಅಂದುಕೊಳ್ಳುತ್ತೇವೆ. ಆ ಕಾಲು ಭಾಗಕ್ಕೆ ಮುಂದಿನ ತಲೆಮಾರು ಹುಟ್ಟಿಸುವ ಶಕ್ತಿ ಉಳಿಯದೇ ಇರಬಹುದು.

ನಿಮ್ಮ ಗೆಳೆಯನ ಬೆಂಕಿಪೊಟ್ಟಣದ ವಿಷಯ ಇಲ್ಲಿಗೇ ಸೇರುತ್ತದೆ. ಬೇರೆ ವರ್ಷ ಮೊಳೆತ ಗಿಡ ಬೇರೆ ವರ್ಷ ಅರಳುತ್ತದೆ. ಈ ಮಳೆಗಾಲಕ್ಕೆ ನೀವು ಹಾಕಿದ ಬೀಜ ಹುಟ್ಟಿತು ಅಂತಲೇ ಇಟ್ಟುಕೊಳ್ಳಿ, ಅದರ ಹನ್ನೆರಡು ವರ್ಷ ತುಂಬುವಾಗ ಸುತ್ತಲಿನ ಬಳಗವೆಲ್ಲ ಅರಳಿ, ಬೀಜ ಉದುರಿಸಿ, ಸತ್ತು ಹೋಗಿರುತ್ತದೆ. ಒಂಟಿಯಾಗಿ ಅರಳಿದ ಗಿಡದ ಬೀಜ ಹುಳದ ಬಾಯಿಗೆ. ಮುನ್ನಾರಿನ ಬೀಜ ತಂದು ಇಲ್ಲಿ ಬಿತ್ತಿದರೂ ಇದೇ ಕಥೆ, ಮೇಲಿಂದ ಇಲ್ಲಿನ ಗಿಡದ ತಳಿಯನ್ನೂ ಕಲಬೆರಕೆ ಮಾಡಿದ ಹಾಗೆ.

ಈ ಗಿಡಕ್ಕೆ ಬೀಜ ಹರಡಲು ನಮ್ಮ ಸಹಾಯ ಬೇಕಾಗಿಲ್ಲ. ಹೂ ಮುಗಿದು ಮೂರ್ನಾಲ್ಕು ತಿಂಗಳಾದ ಮೇಲೆ ಒಣಗಿದ ತೆನೆಯನ್ನು ಹತ್ತಿರದಿಂದ ನೋಡಿ. ಒಂದೊಂದು ಕಾಯಿ ಗೋಧಿ ಕಾಳಿಗಿಂತ ಸ್ವಲ್ಪ ಉದ್ದ, ಕಂದು ಬಣ್ಣ. ಒಳಗೆ ಹೆಚ್ಚೆಂದರೆ ನಾಲ್ಕು ಬೀಜ, ಚಪ್ಪಟೆ. ಪ್ರತಿ ಬೀಜದ ಕೆಳಗೆ ಕೊಕ್ಕೆಯಂಥ ಒಂದು ಸಣ್ಣ ಕಡ್ಡಿ. ಕಾಯಿ ಒಣಗಿ ಬಿಗಿದುಕೊಂಡು ಕೊನೆಗೊಮ್ಮೆ ಚಟ್ ಅಂತ ಸೀಳಿದಾಗ ಆ ಕೊಕ್ಕೆಗಳು ಬೀಜವನ್ನು ಚಿಮ್ಮಿಸುತ್ತವೆ. ಈ ಕುಲದ ಬಹಳಷ್ಟು ಗಿಡಗಳ ಬೀಜಕ್ಕೆ ಮೈಮೇಲೆ ಸಣ್ಣ ಕೂದಲಿರುತ್ತದೆ. ನೀರು ತಾಗಿದರೆ ಕಾಮಕಸ್ತೂರಿ ಬೀಜದ ಹಾಗೆ ಲೋಳೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ನೋಡಿ. ಆದರೆ ಆ ಬೀಜ ಹೋಗುವುದು ಕೆಲವು ಹೆಜ್ಜೆ ದೂರ ಅಷ್ಟೇ. ಗಾಳಿಯಲ್ಲಿ ಹಾರುವ ರೆಕ್ಕೆ ಅದಕ್ಕಿಲ್ಲ, ಹಕ್ಕಿ ಹೊತ್ತೊಯ್ಯುವ ಹಣ್ಣೂ ಅಲ್ಲ. ಹಾಗಾಗಿ ಒಂದು ಗುಡ್ಡದಿಂದ ಅಳಿದರೆ ಪಕ್ಕದ ಗುಡ್ಡದಿಂದ ತಾನಾಗಿ ಬಂದು ಮತ್ತೆ ತುಂಬಿಕೊಳ್ಳುವುದು ಬಹಳ ಕಷ್ಟ.

ಈಗ ಹುಲ್ಲುಗಾವಲಿನ ಮಾತು. ನನಗೆ ಇದೇ ಮುಖ್ಯ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಗಿರಿಯ ಮೇಲೆ ನಿಂತಾಗ ನೀವು ಗಮನಿಸಿರಬಹುದು. ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಮಡಿಲಲ್ಲಿ, ನೀರು ಹರಿಯುವ ಕಡೆ, ದಟ್ಟ ಹಸಿರಿನ ಕುಳ್ಳ ಕಾಡು. ಅದೇ ಶೋಲಾ. ಹುಲ್ಲು ಮತ್ತು ಶೋಲಾ ಎರಡೂ ಅಕ್ಕಪಕ್ಕ, ನಡುವೆ ಗೆರೆ ಎಳೆದ ಹಾಗೆ. ಇದನ್ನು ನೋಡಿದವರು ಬಹಳ ಜನ ಏನಂದುಕೊಳ್ಳುತ್ತಾರೆ ಅಂದರೆ, ಹಿಂದೆ ಎಲ್ಲವೂ ಕಾಡೇ ಇತ್ತು, ಮನುಷ್ಯರು ಕಡಿದರು, ಉಳಿದದ್ದು ಆ ತುಣುಕು. ಮರ ನೆಟ್ಟರೆ ಹಳೆಯ ಕಾಡು ವಾಪಸ್ ಬರುತ್ತದೆ ಅನ್ನುವ ಆಸೆ ಹುಟ್ಟುವುದು ಇಲ್ಲಿಂದಲೇ.

ಅದು ತಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣನ್ನು ಅಗೆದು, ಪದರ ಪದರವಾಗಿ ಅದರಲ್ಲಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಹುಲ್ಲು ಕೊಳೆತ ಇಂಗಾಲಕ್ಕೂ ಮರ ಕೊಳೆತ ಇಂಗಾಲಕ್ಕೂ ವ್ಯತ್ಯಾಸ ಇರುತ್ತದೆ. 20,000 ವರ್ಷದಷ್ಟು ಹಿಂದೆಯೂ ಅಲ್ಲಿ ಹುಲ್ಲುಗಾವಲು ಇತ್ತು ಅಂತ ಆ ಮಣ್ಣು ಹೇಳಿತು. ಹವೆ ಬದಲಾದಂತೆ ಕಾಡು ಸ್ವಲ್ಪ ಮುಂದೆ ಬಂದಿದೆ, ಸ್ವಲ್ಪ ಹಿಂದೆ ಸರಿದಿದೆ, ಆದರೆ ಹುಲ್ಲು ಮನುಷ್ಯ ಮಾಡಿದ ಬೋಳು ಅಲ್ಲ. ನಾವು ಇಲ್ಲಿ ಕೃಷಿ ಶುರು ಮಾಡುವ ಎಷ್ಟೋ ಮೊದಲಿನ ಹುಲ್ಲು ಅದು. ಗುಡ್ಡದ ಬೆನ್ನಿನಲ್ಲಿ ಮಣ್ಣು ತೆಳು, ಗಾಳಿ ಜೋರು. ಎತ್ತರದ ಗುಡ್ಡಗಳಲ್ಲಿ ಚಳಿಗಾಲದ ರಾತ್ರಿ ಹೆಪ್ಪುಗಟ್ಟುವ ಇಬ್ಬನಿಗೆ ಮರದ ಸಸಿ ಸುಟ್ಟಂತಾಗುತ್ತದೆ, ಹುಲ್ಲು ಮತ್ತೆ ಬೇರಿನಿಂದ ಚಿಗುರುತ್ತದೆ.

ಆದರೆ ಕಾಗದದಲ್ಲಿ ಇದಕ್ಕೆ ಯಾವ ಹೆಸರು? ಬಂಜರು, ಪಾಳು, ಖರಾಬು. ಈ ಒಂದು ಹೆಸರಿನಿಂದ ಆದ ಹಾನಿ ಕೊಡಲಿಯಿಂದಲೂ ಆಗಿಲ್ಲ ಅಂತ ನಾನು ನಂಬಿದ್ದೇನೆ. ಖರಾಬು ಅಂದ ಮೇಲೆ ಅಲ್ಲಿ ಏನು ಮಾಡಿದರೂ ಸುಧಾರಣೆ ಅನ್ನಿಸುತ್ತದೆ. ಬ್ರಿಟಿಷರು ಚಹಾ ಹಾಕಿದರು. ಸೌದೆಗೆ ಅಂತ ಆಸ್ಟ್ರೇಲಿಯಾದ ಮರ ತಂದರು. ಸ್ವಾತಂತ್ರ್ಯ ಬಂದ ಮೇಲೂ ಚರ್ಮ ಹದ ಮಾಡುವ ತೊಗಟೆಗೆ, ಕಾಗದದ ತಿರುಳಿಗೆ ಅಂತ ಸಾವಿರಾರು ಎಕರೆ ಹುಲ್ಲುಗಾವಲಿನಲ್ಲಿ ಕಪ್ಪು ವ್ಯಾಟಲ್ (ಅಕೇಶಿಯಾ ಜಾತಿಯ ಆಸ್ಟ್ರೇಲಿಯಾದ ಮರ), ನೀಲಗಿರಿ, ಪೈನ್ ನೆಟ್ಟರು. ನೀಲಗಿರಿ ಅನ್ನುವ ಮಾತನ್ನೇ ನೋಡಿ. ಬೆಟ್ಟ ನೀಲಿಯಾಗಿ ಕಂಡದ್ದಕ್ಕೆ ಆ ಹೆಸರು, ಕುರಿಂಜಿ ಹೂವಿನಿಂದಲೇ ಬಂತು ಅನ್ನುವವರೂ ಇದ್ದಾರೆ. ಇವತ್ತು ಕನ್ನಡದಲ್ಲಿ ನೀಲಗಿರಿ ಅಂದರೆ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಆಸ್ಟ್ರೇಲಿಯಾದ ಮರ. ನನಗಿದು ಬಹಳ ನೋವಿನ ವಿಷಯ.

ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ವ್ಯಾಟಲ್. ಇದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಸುಮ್ನೆ ಬಿದ್ದಿದ್ದು ಬೆಂಕಿ ಬಿದ್ದ ಮೇಲೆ ಒಟ್ಟಿಗೇ ಮೊಳೆಯುತ್ತದೆ. ಕಡಿದರೆ ಮತ್ತೆ ಬರುತ್ತದೆ. ನೆಟ್ಟ ಜಾಗದಲ್ಲಿ ನಿಲ್ಲದೆ ಪಕ್ಕದ ಹುಲ್ಲಿಗೆ ನುಗ್ಗುತ್ತದೆ. ಕೆಳಗೆ ನೆರಳು, ಉದುರಿದ ಎಲೆಯ ಹಾಸು. ಬಿಸಿಲು ಬೇಕಾದ ಹುಲ್ಲೂ ಕುರಿಂಜಿಯೂ ಅಲ್ಲಿ ಏಳುವುದಿಲ್ಲ. ಉಪಗ್ರಹ ಚಿತ್ರಗಳನ್ನು ಹೋಲಿಸಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಪಳನಿ ಬೆಟ್ಟದಲ್ಲಿ 1973ರಲ್ಲಿ ಸುಮಾರು 373 ಚದರ ಕಿಲೋಮೀಟರ್ ಇದ್ದ ಹುಲ್ಲುಗಾವಲು 2014ರ ಹೊತ್ತಿಗೆ 124ಕ್ಕೆ ಇಳಿದಿತ್ತು. ಮೂರರಲ್ಲಿ ಎರಡು ಪಾಲು ಹೋಯಿತು, ಅದೂ ಮೂರು ಸಲ ಕುರಿಂಜಿ ಅರಳುವಷ್ಟು ಕಾಲದಲ್ಲಿ! ಹೋದದ್ದು ಮುಖ್ಯವಾಗಿ ಮರದ ತೋಪಿಗೆ ಮತ್ತು ಬೇಸಾಯಕ್ಕೆ. ಮೇಲಿಂದ ತೆಗೆದ ಚಿತ್ರದಲ್ಲಿ ಅದು ಹಸಿರಾಗಿಯೇ ಕಾಣುತ್ತದೆ, ಹಸಿರು ಹೆಚ್ಚಿತು ಅಂತ ಸಂತೋಷವೂ ಪಡುತ್ತೇವೆ.

ನಾನೇ ಕಂಡ ಒಂದು ವಿಷಯ ಹೇಳ್ತೇನೆ. ಕೆಲವು ವರ್ಷದ ಹಿಂದೆ, ಜೂನ್ ಕೊನೆ. ಒಂದು ಗುಡ್ಡದ ಇಳಿಜಾರಿನಲ್ಲಿ ಸಸಿ ನೆಡಲು ಸಾಲಾಗಿ ಗುಂಡಿ ತೋಡಿದ್ದರು. ಯಾರು ತೋಡಿಸಿದರು ಅನ್ನುವುದು ಇಲ್ಲಿ ಬೇಡ, ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು. ಪ್ರತಿ ಗುಂಡಿಯ ಪಕ್ಕ ಕಿತ್ತ ಹುಲ್ಲಿನ ಹೆಂಟೆ. ಒಂದು ಹೆಂಟೆ ಎತ್ತಿ ಬಿಡಿಸಿದೆ. ಹುಲ್ಲಿನ ಬೇರಿನ ನಡುವೆ ಗೇಣುದ್ದದ ಒಂದು ಗಿಡ. ಎಲೆ ಎದುರುಬದುರು, ಅಂಚು ಗರಗಸದ ಹಾಗೆ, ನರಗಳು ಎಲೆಯೊಳಗೆ ಕೊರೆದ ಹಾಗೆ ಆಳಕ್ಕೆ ಇಳಿದಿದ್ದವು, ಎಲೆಯ ಮೈ ಒರಟು. ಕುರಿಂಜಿ. ಹೂವಿಗೆ ಇನ್ನೂ ಎಷ್ಟೋ ವರ್ಷ ಇತ್ತು. ಅಲ್ಲಿದ್ದ ಕೆಲಸದವರನ್ನು ಕೇಳಿದೆ, ಇದೇನು ಗಿಡ ಗೊತ್ತಾ ಅಂತ. ಕಳೆ ಸಾರ್, ಅಂದರು. ಅವರ ತಪ್ಪಲ್ಲ. ಹೂವಿಲ್ಲದ ಕುರಿಂಜಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಇದನ್ನೇ ನಾನು ನಿಮಗೆ ಹೇಳಬೇಕು ಅಂದುಕೊಂಡದ್ದು. ಹೂವಿನ ವರ್ಷದಲ್ಲಿ ಕುರಿಂಜಿಗೆ ಕಾವಲು ಇರುತ್ತದೆ. ಪೊಲೀಸರು, ಅರಣ್ಯ ಇಲಾಖೆಯವರು, ಪತ್ರಿಕೆಯವರು, ನಿಮ್ಮಂಥ ಸಾವಿರಾರು ಜನ ಇರುತ್ತಾರೆ. ಹೂ ಕೀಳಬೇಡಿ ಅಂತ ಫಲಕ ಇರುತ್ತದೆ. ಉಳಿದ ಹನ್ನೊಂದು ವರ್ಷ ಅದು ಹೆಸರಿಲ್ಲದ ಪೊದೆ. ರಸ್ತೆ ಅಗಲ ಮಾಡುವಾಗ, ಹೋಂಸ್ಟೇಗೆ ನೆಲ ಸಮತಟ್ಟು ಮಾಡುವಾಗ, ಜೀಪು ಹೊಸ ದಾರಿ ಮಾಡಿಕೊಂಡು ಏರುವಾಗ, ಗುಂಡಿ ತೋಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ. ಹಾನಿಯೆಲ್ಲ ಆಗುವುದು ಆ ವರ್ಷಗಳಲ್ಲೇ.

ಹೂವಿನ ವರ್ಷದ ಗಲಾಟೆಯೂ ಕಡಿಮೆ ಏನಲ್ಲ, ಹೂವಿನ ಮಧ್ಯೆ ಕೂತು ಫೋಟೋ ತೆಗೆಸಿಕೊಂಡು ಗಿಡ ಮುರಿದವರನ್ನು ನೀವೂ ನೋಡಿರುತ್ತೀರಿ. ಬೀಜ ಕಟ್ಟುವ ಮೊದಲೇ ಮುರಿದ ಕೊಂಬೆ ಅಂದರೆ ಹನ್ನೆರಡು ವರ್ಷದ ದುಡಿಮೆ ಮಣ್ಣುಪಾಲು.

ಬೆಂಕಿಯ ವಿಷಯ ಸ್ವಲ್ಪ ಸೂಕ್ಷ್ಮ. ಹುಲ್ಲುಗಾವಲಿಗೆ ಯಾವಾಗಲೋ ಒಮ್ಮೆ ಬೆಂಕಿ ಬೀಳುವುದು ಹೊಸದಲ್ಲ, ಹುಲ್ಲು ಅದನ್ನು ತಡೆದುಕೊಂಡು ಬಂದಿದೆ. ದನ ಮೇಯುವುದೂ ಹಿತಮಿತವಾಗಿದ್ದರೆ ನನಗೆ ದೊಡ್ಡ ತಕರಾರಿಲ್ಲ. ಆದರೆ ವರ್ಷ ವರ್ಷ ಬೆಂಕಿ ಹಾಕಿದರೆ ಎಳೆ ಗಿಡ ಏಳುವುದೇ ಇಲ್ಲ. ಹೂ ಮುಗಿದ ಬೇಸಿಗೆಯಲ್ಲಿ, ಅಂದರೆ ಬೀಜ ಇನ್ನೂ ಒಣಗಿದ ತೆನೆಯಲ್ಲಿ ಅಥವಾ ನೆಲದ ಮೇಲೆ ಇರುವಾಗ, ಬೆಂಕಿ ಬಿದ್ದರೆ ಅಮ್ಮನೂ ಸತ್ತು ಮಕ್ಕಳೂ ಹೋದ ಹಾಗೆ. ಆ ಒಂದು ಬೇಸಿಗೆ ಕಾಯುವುದು ಉಳಿದ ಎಲ್ಲಕ್ಕಿಂತ ಮುಖ್ಯ.

ಕಾನೂನು ಇಲ್ಲ ಅಂತಲ್ಲ. ಕೇರಳ ಸರ್ಕಾರ 2006ರಲ್ಲಿ ಇಡುಕ್ಕಿ ಜಿಲ್ಲೆಯ ವಟ್ಟವಡ, ಕೊಟ್ಟಕಂಬೂರು ಊರುಗಳ ಕಡೆ 32 ಚದರ ಕಿಲೋಮೀಟರ್ ಜಾಗವನ್ನು ಕುರಿಂಜಿಮಲ ಅಭಯಾರಣ್ಯ ಅಂತ ಘೋಷಿಸಿತು. ಒಂದು ಹೂವಿಗೋಸ್ಕರ ಅಭಯಾರಣ್ಯ! ಆದರೂ ಅಲ್ಲಿನ ಜಮೀನು ಯಾರದು ಅನ್ನುವ ಜಗಳ, ನೀಲಗಿರಿ ತೋಪಿನ ಜಗಳ ವರ್ಷಗಟ್ಟಲೆ ಎಳೆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ನೀಲಕುರಿಂಜಿ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕಾಡಿನಿಂದ ಅನುಮತಿ ಇಲ್ಲದೆ ಕೀಳುವುದು, ಸಂಗ್ರಹಿಸುವುದು, ಮಾರುವುದು ಅಪರಾಧ. ಹಾಗಾಗಿ ಮುಂದಿನ ಸಲ ಬೀಜಕ್ಕೆ ಕೈ ಹಾಕಬೇಡಿ ಅಂತ ನಿಮ್ಮ ಗೆಳೆಯನಿಗೆ ಮೆಲ್ಲಗೆ ಹೇಳಿ.

ಹಾಗಾದರೆ ನೀವು ಆರು ಜನ ಏನು ಮಾಡಬಹುದು? ಕೈಕಟ್ಟಿ ಕೂರಿ ಅಂತ ಹೇಳುವುದಿಲ್ಲ, ಕೆಲಸ ಬಹಳ ಇದೆ.

ಬೀಜದುಂಡೆ ಕಟ್ಟಲೇಬೇಕು ಅಂತಿದ್ದರೆ ಊರಿನ ಹತ್ತಿರ, ನಿಜವಾಗಿ ಮರ ಹೋದ ಜಾಗ ಹುಡುಕಿ. ಕೆರೆ ದಂಡೆ, ರಸ್ತೆ ಬದಿ, ಶಾಲೆಯ ಹಿಂದೆ. ಹೊಂಗೆ, ನೇರಳೆಗೆ ಅಲ್ಲಿ ಜಾಗ ಇದೆ. ಗಿರಿಯ ಮೇಲೆ ಮಾಡಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ: ಮರದ ಸಸಿ ಕೀಳುವುದು. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಹುಲ್ಲುಗಾವಲಿಗೆ ನುಗ್ಗುತ್ತಿರುವ ಅಕೇಶಿಯಾ, ವ್ಯಾಟಲ್, ಪೈನ್ ಸಸಿಗಳನ್ನು ಕೀಳಲು ಅನುಮತಿ ಕೇಳಿ. ಅವರ ಸಿಬ್ಬಂದಿಯೊಬ್ಬರು ಜೊತೆಗಿರಲಿ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಮೊಣಕಾಲೆತ್ತರದ ಸಸಿ ಬೇರು ಸಮೇತ ಕೈಗೆ ಬರುತ್ತದೆ. ದೊಡ್ಡ ಮರದ ತಂಟೆಗೆ ಹೋಗಬೇಡಿ, ಒಮ್ಮೆಗೇ ಕಡಿದು ಬಯಲು ಮಾಡಿದರೆ ಕೆಳಗಿರುವ ವ್ಯಾಟಲ್ ಬೀಜವೆಲ್ಲ ಎದ್ದು ನಿಲ್ಲುತ್ತದೆ, ಅದು ತಿಳಿದವರು ವರ್ಷಗಟ್ಟಲೆ ಬೆನ್ನು ಹತ್ತಿ ಮಾಡುವ ಕೆಲಸ.

ಇನ್ನೊಂದು ಕೆಲಸಕ್ಕೆ ಮೊಬೈಲ್ ಸಾಕು. 2022ರ ನಿಮ್ಮ ಫೋಟೋಗಳಲ್ಲಿ ಜಾಗದ ಗುರುತು ಇರುತ್ತದೆ. ಅದೇ ಜಾಗಕ್ಕೆ ವರ್ಷಕ್ಕೊಮ್ಮೆ ಹೋಗಿ, ಕಾಲುದಾರಿಯಲ್ಲೇ ನಿಂತು, ಅದೇ ಕೋನದಿಂದ ಫೋಟೋ ತೆಗೆಯಿರಿ. ಎಳೆ ಗಿಡ ಎಷ್ಟು ಎತ್ತರ ಬಂದಿದೆ, ಸುತ್ತ ಹುಲ್ಲು ಇದೆಯಾ, ಹೊಸ ಜೀಪು ಜಾಡು ಬಿದ್ದಿದೆಯಾ, ಸುಟ್ಟಿದೆಯಾ ಅಂತ ಎರಡು ಸಾಲು ಬರೆದಿಡಿ. ಗಿಡ, ಪ್ರಾಣಿಗಳ ದಾಖಲೆ ಸೇರಿಸುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಕ್ಕೆ ಹಾಕಿ. ಹೂವಿನ ಫೋಟೋ ಬೇಕಾದಷ್ಟಿವೆ. ಹೂವಿಲ್ಲದ ಕುರಿಂಜಿಯ ದಾಖಲೆ ತೀರಾ ಕಡಿಮೆ, ಒಂದು ಯೋಜನೆ ಬಂದಾಗ ಇಲ್ಲಿ ಏನೂ ಇಲ್ಲ ಅನ್ನುವವರಿಗೆ ತೋರಿಸಲು ಬೇಕಾಗುವುದು ಅದೇ. ಗ್ರಾಮಸಭೆಯಲ್ಲಿ ಗುಡ್ಡದ ಜಾಗದ ಮಾತು ಬಂದಾಗ ಆ ಫೋಟೋ ಹಿಡಿದು ಎದ್ದು ನಿಲ್ಲಿ. ಜನವರಿಯಿಂದ ಏಪ್ರಿಲ್ ತನಕ ಬೆಂಕಿ ಕಂಡರೆ ಇಲಾಖೆಗೆ ಫೋನ್ ಮಾಡಿ, ನಂಬರ್ ಈಗಲೇ ಇಟ್ಟುಕೊಳ್ಳಿ.

ಬೆಂಕಿಪೊಟ್ಟಣದ ಬೀಜವನ್ನು ಯಾವ ಉಂಡೆಗೂ ಹಾಕಬೇಡಿ, ಮನೆಯ ಕುಂಡಕ್ಕೂ ಬೇಡ. ಯಾವ ಗುಡ್ಡ, ಯಾವ ತಿಂಗಳು, ಯಾವ ವರ್ಷ ಆರಿಸಿದ್ದು ಅಂತ ಒಂದು ಚೀಟಿಯಲ್ಲಿ ಬರೆದು ಪೊಟ್ಟಣದೊಳಗೆ ಇಡಿ. ಸಸಿ ಕೀಳುವ ಅನುಮತಿ ಕೇಳಲು ಅರಣ್ಯ ಇಲಾಖೆ ಕಚೇರಿಗೆ ಹೋಗುತ್ತೀರಲ್ಲ, ಆಗ ವಿಷಯ ಹೇಳಿ ಅದನ್ನೂ ಅವರ ಕೈಗೆ ಕೊಟ್ಟುಬಿಡಿ.